ನಗಿಸುವವರು ನಗಬಾರದು: ಕ್ರಿಸ್‌ಮಸ್ ಸಿನಿಮಾಗಳ ಬಗ್ಗೆ ಒಂದಿಷ್ಟು

ಡಿಸೆಂಬರ್ ಹತ್ತಿರ ಬಂದ ಹಾಗೆ ಕ್ರಿಸ್‌ಮಸ್ ಸಿನಿಮಾಗಳು ಸಾಲುಗಟ್ಟಿ ಬರುತ್ತವೆ. ಸಾಂತಾ, ಹಿಮ, ಜಗಳ ಆಡಿಕೊಂಡು ಕೊನೆಗೆ ಒಂದಾಗುವ ಮನೆಮಂದಿ, ಮಧ್ಯೆ ಒಂದಿಷ್ಟು ಮಾಯಮಂತ್ರ. ಸಾಮಗ್ರಿ ಎಲ್ಲದರಲ್ಲೂ ಹೆಚ್ಚುಕಮ್ಮಿ ಇದೇ. ಆದರೂ ಬಹಳಷ್ಟು ಸಿನಿಮಾ ಮಾರನೇ ದಿನಕ್ಕೆ ಮರೆತುಹೋಗುತ್ತವೆ, ಕೆಲವನ್ನು ಮಾತ್ರ ಮೂವತ್ತು ವರ್ಷ ಆದ ಮೇಲೂ ದೊಡ್ಡವರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತಾರೆ. ಯಾಕೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ನನಗೆ ಸಿಕ್ಕಿರುವ ಉತ್ತರ ಇಷ್ಟೇ: ಕಥೆ ಎಷ್ಟೇ ವಿಚಿತ್ರವಾಗಿರಲಿ, ಅದರೊಳಗೆ ಇರುವವರು ಅದನ್ನು ನಿಜ ಅಂತಲೇ ನಡೆಸಿಕೊಂಡು ಹೋಗಬೇಕು. ಮಕ್ಕಳ ಸಿನಿಮಾ ತಾನೇ, ಇಷ್ಟು ಸಾಕು ಅಂತ ಯಾರಾದರೂ ಅಂದುಕೊಂಡರೆ ಅದು ಪರದೆ ಮೇಲೆ ತಕ್ಷಣ ಗೊತ್ತಾಗಿಬಿಡುತ್ತದೆ. ಎಲ್ಲರಿಗಿಂತ ಮೊದಲು ಮಕ್ಕಳಿಗೇ ಗೊತ್ತಾಗುತ್ತದೆ.

1992ರ ‘ದಿ ಮಪೆಟ್ ಕ್ರಿಸ್‌ಮಸ್ ಕ್ಯಾರೋಲ್’ ನೋಡಿ. ಸುತ್ತ ಕಪ್ಪೆ, ಹಂದಿ, ಇಲಿ, ಎಲ್ಲವೂ ಬಟ್ಟೆಯ ಬೊಂಬೆಗಳು. ಅವುಗಳ ಮಧ್ಯೆ ಜಿಪುಣ ಸ್ಕ್ರೂಜ್ ಆಗಿ ಮೈಕಲ್ ಕೇನ್. ಎದುರಿಗಿರುವುದು ಬೊಂಬೆ ಅನ್ನುವ ಸುಳಿವನ್ನು ಆ ಮನುಷ್ಯ ಒಂದು ಕ್ಷಣವೂ ಕೊಡುವುದಿಲ್ಲ. ದೊಡ್ಡ ರಂಗಮಂದಿರದಲ್ಲಿ ಗಂಭೀರ ನಾಟಕ ಆಡುವ ಹಾಗೆಯೇ ಆಡಿದ್ದಾರೆ. ಕಪ್ಪೆ ಗುಮಾಸ್ತನನ್ನು ಗದರಿಸುವಾಗ ನಿಜವಾಗಿಯೂ ಭಯವಾಗುತ್ತದೆ. ಕೊನೆಗೆ ಆ ಗುಮಾಸ್ತನ ಮಗ, ಪುಟ್ಟ ಟೈನಿ ಟಿಮ್ ಇಲ್ಲದ ಮನೆಯನ್ನು ನೋಡುವಾಗ ಅವರ ಮುಖ ಹೇಗಾಗುತ್ತದೆ ಅಂದರೆ, ಆ ಹುಡುಗ ಒಂದು ಕಪ್ಪೆಮರಿ ಅನ್ನುವುದೇ ನಮಗೆ ಮರೆತುಹೋಗುತ್ತದೆ. ಬೊಂಬೆಗಳ ಜೊತೆ ತಮಾಷೆಗೆ ಆಡಿದ್ದರೆ ಈ ಸಿನಿಮಾ ಇಷ್ಟು ದಿನ ಬಾಳುತ್ತಿರಲಿಲ್ಲ.

‘ಪ್ಯಾಡಿಂಗ್ಟನ್’ ಸಿನಿಮಾಗಳಲ್ಲೂ ಇದೇ. ಕೋಟು ಹಾಕಿಕೊಂಡ ಕರಡಿ ಲಂಡನ್ ಸ್ಟೇಷನ್ನಿನಲ್ಲಿ ನಿಂತು ಮಾತಾಡುತ್ತದೆ, ಅಯ್ಯೋ ಕರಡಿ ಮಾತಾಡ್ತಿದೆ ಅಂತ ಯಾರೂ ಕಿರುಚುವುದಿಲ್ಲ. ಎರಡನೇ ಭಾಗದಲ್ಲಿ (2017) ಅದು ಜೈಲಿಗೆ ಹೋಗುತ್ತದೆ. ಬಟ್ಟೆ ಒಗೆಯುವಾಗ ಒಂದು ಕೆಂಪು ಕಾಲುಚೀಲ ಸೇರಿಕೊಂಡು ಎಲ್ಲ ಕೈದಿಗಳ ಬಟ್ಟೆಯೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಸಿಡುಕು ಮೋರೆಯ ಅಡುಗೆಯವನಿಗೆ ಕರಡಿ ಮಾರ್ಮಲೇಡ್, ಅಂದರೆ ಕಿತ್ತಳೆ ಹಣ್ಣಿನ ಜ್ಯಾಮ್, ಮಾಡುವುದನ್ನು ಹೇಳಿಕೊಡುತ್ತದೆ. ಅಷ್ಟು ದೊಡ್ಡ ದೊಡ್ಡ ಆಳುಗಳು ಗುಲಾಬಿ ಬಟ್ಟೆಯಲ್ಲಿ ಸಾಲಾಗಿ ಕೂತು ತಿನ್ನುವಾಗ ಯಾರೂ ನಗಿಸಲು ಹೆಣಗಾಡುವುದಿಲ್ಲ. ನಗು ತಾನಾಗಿ ಬರುತ್ತದೆ.

‘ಎಲ್ಫ್’ (2003) ಬಗ್ಗೆ ಜಾಸ್ತಿ ಹೇಳಬೇಕು, ಯಾಕಂದರೆ ಅದರಲ್ಲಿ ಮೆಚ್ಚಬೇಕಾದ ಕೈಕೆಲಸ ಇದೆ. ಉತ್ತರ ಧ್ರುವದಲ್ಲಿ ಸಾಂತಾನಿಗೆ ಆಟಿಕೆ ಮಾಡಿಕೊಡುವ ಪುಟಾಣಿ ಎಲ್ಫ್‌ಗಳ ಮಧ್ಯೆ ಬೆಳೆದ, ಬಡ್ಡಿ ಅನ್ನುವ ಹೆಸರಿನ ಮನುಷ್ಯನಾಗಿ ವಿಲ್ ಫೆರೆಲ್. ಅವನು ದೈತ್ಯನ ಹಾಗೆ ಕಾಣಬೇಕು, ಉಳಿದವರು ಪುಟ್ಟದಾಗಿ ಕಾಣಬೇಕು. ನಿರ್ದೇಶಕ ಜಾನ್ ಫ್ಯಾವ್ರೋ ಇದಕ್ಕೆ ಕಂಪ್ಯೂಟರ್ ಗ್ರಾಫಿಕ್ಸ್ ನೆಚ್ಚಿಕೊಳ್ಳಲಿಲ್ಲ. ಒಂದೇ ಕೋಣೆಗೆ ಎರಡು ಅಳತೆಯ ಸೆಟ್ ಹಾಕಿಸಿದರು. ಚಿಕ್ಕ ಅಳತೆಯದು ಕ್ಯಾಮೆರಾಗೆ ಹತ್ತಿರ, ಅದರಲ್ಲಿ ಫೆರೆಲ್. ದೊಡ್ಡ ಅಳತೆಯದು ದೂರ, ಅಲ್ಲಿ ಎಲ್ಫ್ ಆಗಿರುವ ನಟರು. ಎರಡರ ಅಂಚೂ ಕ್ಯಾಮೆರಾ ಕಣ್ಣಿಗೆ ಸರಿಯಾಗಿ ಕೂಡಿಕೊಳ್ಳುವ ಹಾಗೆ ಜೋಡಿಸಿದರೆ ನಮಗೆ ಒಂದೇ ಕೋಣೆ ಕಾಣುತ್ತದೆ. ಕಷ್ಟ ಇರುವುದು ನಟರಿಗೆ. ಮಾತಾಡುತ್ತಿರುವವರು ಪಕ್ಕದಲ್ಲೇ ಇದ್ದಾರೆ ಅನ್ನಿಸಬೇಕು, ಆದರೆ ಅವರು ನಿಜಕ್ಕೂ ದೂರದಲ್ಲಿ ಇರುತ್ತಾರೆ, ಹಾಗಾಗಿ ಯಾರೂ ಇಲ್ಲದ ಜಾಗ ನೋಡಿಕೊಂಡು ಮಾತಾಡಬೇಕು. ಅಲ್ಲಿ ಬರುವ ಸ್ನೋಮ್ಯಾನ್, ಪ್ರಾಣಿಗಳು ಕೂಡ ಒಂದೊಂದೇ ಫ್ರೇಮಿಗೆ ಬೊಂಬೆಯನ್ನು ಸ್ವಲ್ಪ ಸ್ವಲ್ಪ ಅಲುಗಾಡಿಸಿ ತೆಗೆದಂಥವು. ಇಷ್ಟೆಲ್ಲ ಕಷ್ಟಪಟ್ಟಿದ್ದು ಗೊತ್ತಾಗದಿದ್ದರೂ ಪರವಾಗಿಲ್ಲ, ನೋಡುವವರಿಗೆ ಆ ಜಾಗ ಎಲ್ಲೋ ಇದೆ ಅನ್ನಿಸುತ್ತದೆ, ಅಷ್ಟು ಸಾಕು.

ಇನ್ನು ‘ಹೋಮ್ ಅಲೋನ್’. 1990ರದು, ಜಾನ್ ಹ್ಯೂಸ್ ಬರೆದದ್ದು, ಕ್ರಿಸ್ ಕೊಲಂಬಸ್ ನಿರ್ದೇಶಿಸಿದ್ದು. ಮನೆಯವರು ಮರೆತು ಬಿಟ್ಟುಹೋದ ಹುಡುಗ ಕೆವಿನ್ ಒಬ್ಬನೇ ಕಳ್ಳರನ್ನು ಎದುರಿಸುವ ಕಥೆ. ಕಳ್ಳರು ಜಾರಿ ಬೀಳುವುದೇ ಎಲ್ಲರಿಗೂ ನೆನಪಿರುವುದು, ಅಲ್ವಾ? ಆ ಬೀಳುವಿಕೆ ಎಲ್ಲ ನಿಜವಾಗಿ ಬಿದ್ದದ್ದು, ಸ್ಟಂಟ್ ಕಲಾವಿದರು ಮೆಟ್ಟಿಲ ಮೇಲಿಂದ ಮೈಯೊಡ್ಡಿ ಬಿದ್ದಿದ್ದಾರೆ. ಕಳ್ಳನಾಗಿರುವ ಡೇನಿಯಲ್ ಸ್ಟರ್ನ್ ಮುಖದ ಮೇಲೆ ಹರಿದಾಡುವ ದೊಡ್ಡ ಜೇಡ ಕೂಡ ಜೀವಂತ ಜೇಡವೇ. ಕೆವಿನ್ ಟಿವಿಯಲ್ಲಿ ಹಾಕುವ ಆ ಹಳೇ ಕಪ್ಪು ಬಿಳುಪು ಗ್ಯಾಂಗ್‌ಸ್ಟರ್ ಸಿನಿಮಾ ಇದೆಯಲ್ಲ, ಅಂಥ ಸಿನಿಮಾವೇ ಇಲ್ಲ. ಆ ತುಣುಕನ್ನು ಇದಕ್ಕಾಗಿಯೇ ಹಳೇ ಕಾಲದ ಬೆಳಕು ನೆರಳಿನಲ್ಲಿ, ಅದೇ ಠೀವಿಯ ಮಾತಿನಲ್ಲಿ ತೆಗೆದರು. ಎಷ್ಟು ಶ್ರದ್ಧೆಯಿಂದ ಮಾಡಿದ್ದಾರೆ ಅಂದರೆ, ಅದು ನಿಜವಾದ ಹಳೇ ಸಿನಿಮಾ ಅಂತ ನಂಬಿದವರು ಬೇಕಾದಷ್ಟು ಜನ.

ಆದರೆ ನನಗೆ ಈ ಸಿನಿಮಾ ಅಂದರೆ ಚರ್ಚ್ ದೃಶ್ಯ. ಬೀದಿಯವರೆಲ್ಲ ಕೊಲೆಗಾರ ಅಂತ ಗುಸುಗುಸು ಮಾತಾಡುವ ಮುದುಕ ಮಾರ್ಲಿ ಬಂದು ಹುಡುಗನ ಪಕ್ಕ ಕೂರುತ್ತಾನೆ. ಮಗನ ಜೊತೆ ಮಾತು ಬಿಟ್ಟಿದ್ದಾನೆ, ಮೊಮ್ಮಗಳು ಹಾಡುವುದನ್ನು ಕೇಳುವುದಕ್ಕೆ ಬಂದಿದ್ದಾನೆ. ಎಂಟು ವರ್ಷದ ಹುಡುಗ ಅವನಿಗೆ ಬುದ್ಧಿ ಹೇಳುತ್ತಾನೆ, ಫೋನ್ ಮಾಡಿ ನೋಡಿ ಅಂತ. ಮುದುಕ ಅದನ್ನು ಮಗುವಿನ ಮಾತು ಅಂತ ತಳ್ಳಿಹಾಕದೆ, ಕೂತು ಕೇಳಿಸಿಕೊಳ್ಳುತ್ತಾನೆ. ಹಿಂದೆ ಮಕ್ಕಳ ಕೋರಸ್, ಜಾನ್ ವಿಲಿಯಮ್ಸ್ ಸಂಗೀತ. ಈ ಕೆಲವು ನಿಮಿಷ ಇಲ್ಲದಿದ್ದರೆ ಉಳಿದದ್ದೆಲ್ಲ ಸುಮ್ನೆ ಗಲಾಟೆ ಆಗಿಬಿಡುತ್ತಿತ್ತು.

ಕೊಲಂಬಸ್ ಹೆಸರು ಇಲ್ಲಿಗೇ ಬಿಡುವ ಹಾಗಿಲ್ಲ. 1984ರ ‘ಗ್ರೆಮ್ಲಿನ್ಸ್’ ಬರೆದದ್ದು ಇದೇ ಮನುಷ್ಯ. ಅದೂ ಕ್ರಿಸ್‌ಮಸ್ ಕಥೆಯೇ, ಆದರೆ ತೀರಾ ಚಿಕ್ಕ ಮಕ್ಕಳಿಗೆ ತೋರಿಸಬೇಡಿ. ಅದನ್ನೂ ಅದೇ ವರ್ಷದ ಇನ್ನೊಂದು ಸಾಹಸ ಸಿನಿಮಾವನ್ನೂ ನೋಡಿ ಅಪ್ಪ ಅಮ್ಮಂದಿರು ಗಾಬರಿಯಾದ ಮೇಲೆಯೇ ಅಮೆರಿಕದಲ್ಲಿ ಪಿಜಿ-13 ಅನ್ನುವ, ಹದಿಮೂರು ತುಂಬದ ಮಕ್ಕಳ ಬಗ್ಗೆ ಅಪ್ಪ ಅಮ್ಮಂದಿರನ್ನು ಎಚ್ಚರಿಸುವ ಹೊಸ ರೇಟಿಂಗ್ ಬಂದದ್ದು. 1993ರಲ್ಲಿ ‘ಮಿಸೆಸ್ ಡೌಟ್‌ಫೈರ್’ ನಿರ್ದೇಶಿಸಿದರು. ಅದರ ಕೊನೆ ನನಗೆ ತುಂಬಾ ಇಷ್ಟ. ಅಷ್ಟೊಂದು ನಗಿಸಿದ ಮೇಲೂ ಅಪ್ಪ ಅಮ್ಮ ಮತ್ತೆ ಒಂದಾಗುವುದಿಲ್ಲ. ಆ ವಯಸ್ಸಿನ ಎಷ್ಟೋ ಮಕ್ಕಳ ಮನೆಯಲ್ಲಿ ಹಾಗೇ ನಡೆದಿರುತ್ತದೆ, ಅವರಿಗೆ ಸುಳ್ಳು ಸಮಾಧಾನ ಹೇಳುವುದಿಲ್ಲ ಈ ಸಿನಿಮಾ. ಆಮೇಲೆ 2001, 2002ರಲ್ಲಿ ಮೊದಲ ಎರಡು ಹ್ಯಾರಿ ಪಾಟರ್ ಕೂಡ ಇವರದ್ದೇ.

ಹಳೆಯದರಲ್ಲಿ ಒಂದು ಹೇಳಲೇಬೇಕು. ಫ್ರಾಂಕ್ ಕಾಪ್ರಾ ಅವರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’, 1946. ಆಗೆಲ್ಲ ಸಿನಿಮಾದ ಹಿಮ ಅಂದರೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್. ಅದರ ಮೇಲೆ ನಡೆದರೆ ಕರಕರ ಸದ್ದು, ಮಾತನ್ನು ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡಬೇಕಿತ್ತು. ಕಾಪ್ರಾಗೆ ಅದು ಬೇಡವಾಗಿತ್ತು, ಮಾತು ಅಲ್ಲಲ್ಲೇ ಸಿಗಬೇಕು. ಸ್ಟುಡಿಯೋದವರು ಬೆಂಕಿ ಆರಿಸುವ ನೊರೆಗೆ ಸೋಪು, ನೀರು ಬೆರೆಸಿ ಸದ್ದಿಲ್ಲದ ಹಿಮ ಮಾಡಿದರು, ಅದಕ್ಕೆ ಆಸ್ಕರ್ ಕೊಡುವ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಶೂಟಿಂಗ್ ನಡೆದದ್ದು ಬೇಸಿಗೆಯ ಬಿಸಿಲಿನಲ್ಲಿ. ಸೇತುವೆ ಮೇಲೆ ಜೇಮ್ಸ್ ಸ್ಟೂವರ್ಟ್ ಬೇಡಿಕೊಳ್ಳುವಾಗ ಆ ಸೆಕೆ ಯಾರಿಗೂ ಗೊತ್ತಾಗುವುದಿಲ್ಲ. ಬಿಡುಗಡೆಯಾದಾಗ ಸಿನಿಮಾ ಸೋತಿತು. 1974ರಲ್ಲಿ ಕಾಪಿರೈಟ್ ನವೀಕರಿಸುವುದು ತಪ್ಪಿಹೋಯಿತು, ಹಾಗಾಗಿ ಟಿವಿ ಚಾನೆಲ್‌ಗಳು ದುಡ್ಡು ಕೊಡದೆ ಪ್ರತಿ ಕ್ರಿಸ್‌ಮಸ್‌ಗೂ ಮತ್ತೆ ಮತ್ತೆ ಹಾಕಿದವು, ಜನ ಅದನ್ನು ತಮ್ಮದು ಮಾಡಿಕೊಂಡರು.

ಈಗಿನವು ಎಲ್ಲ ಕೆಟ್ಟದು ಅಂತಲ್ಲ. 2019ರ ‘ಕ್ಲೌಸ್’ ನೋಡದವರು ನೋಡಿ. ಕೈಯಲ್ಲಿ ಬರೆದ ಚಿತ್ರಗಳು, ಆದರೆ ಬೆಳಕು ಬಿದ್ದಿರುವ ರೀತಿ ನೋಡಿದರೆ ಮುಟ್ಟಿನೋಡಬೇಕು ಅನ್ನಿಸುತ್ತದೆ. ಸಾಂತಾನ ಕಥೆಯನ್ನು ಒಬ್ಬ ಸೋಮಾರಿ ಪೋಸ್ಟ್‌ಮ್ಯಾನ್ ಕಡೆಯಿಂದ ಹೇಳುತ್ತದೆ. ಅದರ ಎದುರು, ಕಂಪ್ಯೂಟರಿನಲ್ಲೇ ಮಾಡಿದ 2004ರ ‘ಪೋಲಾರ್ ಎಕ್ಸ್‌ಪ್ರೆಸ್’ ನನಗೆ ಇವತ್ತಿಗೂ ಹಿಡಿಸುವುದಿಲ್ಲ. ರೈಲು, ಹಿಮ, ಹಳಿ ಎಲ್ಲ ಚಂದ, ಆ ಮಕ್ಕಳ ಕಣ್ಣಲ್ಲಿ ಮಾತ್ರ ಜೀವ ಇಲ್ಲ. ಇಷ್ಟಪಡುವವರು ಬಹಳ ಜನ ಇದ್ದಾರೆ, ಅವರ ಜೊತೆ ನನಗೆ ಜಗಳ ಇಲ್ಲ.

ಈ ಸಲ ಮನೆಯಲ್ಲಿ ಒಂದೇ ಒಂದು ನೋಡುವುದಾದರೆ ಮಪೆಟ್ ಹಾಕಿ. ಅದರಲ್ಲಿ ಯುವಕ ಸ್ಕ್ರೂಜ್‌ನನ್ನು ಅವನ ಪ್ರೇಯಸಿ ಬೆಲ್ ಬಿಟ್ಟು ಹೋಗುವಾಗ ಹಾಡುವ ಹಾಡೊಂದಿದೆ. ಮಕ್ಕಳಿಗೆ ಬೇಸರ ಆಗಬಹುದು ಅಂತ ಥಿಯೇಟರಿಗೆ ಬರುವಾಗ ಅದನ್ನು ಕತ್ತರಿಸಿದ್ದರು. ಅದು ತುಂಬಾ ದೊಡ್ಡ ನಷ್ಟ, ಯಾಕಂದರೆ ಕೊನೆಯಲ್ಲಿ ಎಲ್ಲರೂ ಸೇರಿ ಹಾಡುವುದು ಆ ಹಾಡಿಗೇ ಉತ್ತರ. 2022ರಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಅದನ್ನು ಸೇರಿಸಿದ ಪೂರ್ತಿ ಆವೃತ್ತಿ ಬಂತು. ಹಾಕುವ ಮುಂಚೆ ಆ ಆವೃತ್ತಿಯೇ ಇದೆಯಾ ಅಂತ ಹುಡುಕಿ ನೋಡಿ.