ಈಗಲ್ಸ್ ತಂಡವನ್ನು ‘ಡೆಸ್ಪರಾಡೊ’ದಿಂದಲೇ ಏಕೆ ಕೇಳಲು ತೊಡಗಬೇಕು?

ಅಮೆರಿಕದ ರಾಕ್ ತಂಡ ಈಗಲ್ಸ್‌ನ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ‘ಹೋಟೆಲ್ ಕ್ಯಾಲಿಫೋರ್ನಿಯಾ’ದಂತಹ ಆಲ್ಬಂ ಇರುವಾಗ, ಬಿಡುಗಡೆಯಾದ ಕಾಲದಲ್ಲಿ ಹೆಚ್ಚು ಜನ ಕೊಳ್ಳದೇ ಹೋದ ಅವರ ಎರಡನೆಯ ಆಲ್ಬಂ ‘ಡೆಸ್ಪರಾಡೊ’ವನ್ನು ಮೊದಲು ಕೇಳಿ ಎಂದು ನೀವು ಎಲ್ಲರಿಗೂ ಹೇಳುವುದೇಕೆ? ಬಾಯಿಮಾತಿನಲ್ಲಿ ಇದಕ್ಕೆ ಅರೆಬರೆ ಉತ್ತರವನ್ನಷ್ಟೇ ಕೊಡುತ್ತ ಬಂದಿದ್ದೇನೆ. ಪೂರ್ಣ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ತಂಡ 1971ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿತು. ಗ್ಲೆನ್ ಫ್ರೈ ಮತ್ತು ಡಾನ್ ಹೆನ್ಲಿ ಗಾಯಕಿ ಲಿಂಡಾ ರಾನ್‌ಸ್ಟಾಟ್ ಅವರ ಕಾರ್ಯಕ್ರಮಗಳಲ್ಲಿ ಪಕ್ಕವಾದ್ಯ ನುಡಿಸುತ್ತಿದ್ದವರು. ಬರ್ನಿ ಲೆಡನ್ ‘ಫ್ಲೈಯಿಂಗ್ ಬರಿಟೊ ಬ್ರದರ್ಸ್’ ತಂಡದಿಂದ ಬಂದರು, ರ‍್ಯಾಂಡಿ ಮೈಸ್ನರ್ ಅದಕ್ಕೂ ಮೊದಲು ‘ಪೋಕೊ’ ತಂಡದಲ್ಲಿದ್ದರು. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತವನ್ನು ರಾಕ್ ಸಂಗೀತದೊಂದಿಗೆ ಬೆರೆಸುವ ಕೆಲಸದಲ್ಲಿ ಈ ನಾಲ್ವರೂ ಆಗಲೇ ಪಳಗಿದ್ದರು. 1972ರಲ್ಲಿ ಬಂದ ಮೊದಲ ಆಲ್ಬಂನ ಮೂರು ಹಾಡುಗಳು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ 25ರೊಳಗೆ ಸ್ಥಾನ ಪಡೆದವು. ಅಂತಹುದೇ ಇನ್ನೊಂದು ಆಲ್ಬಂ ಮಾಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಹಾಗೆ ಮಾಡದೆ, ಹತ್ತೊಂಬತ್ತನೆಯ ಶತಮಾನದ ಬ್ಯಾಂಕ್ ದರೋಡೆಕೋರರ ಕಥೆಯನ್ನು ಕೈಗೆತ್ತಿಕೊಂಡರು.

ಆ ಕಥೆಯನ್ನು ತಿಳಿದುಕೊಂಡರೆ ಹಾಡುಗಳು ಹೆಚ್ಚು ತೆರೆದುಕೊಳ್ಳುತ್ತವೆ. 1892ರ ಅಕ್ಟೋಬರ್ 5ರಂದು ಡಾಲ್ಟನ್ ಸಹೋದರರ ಗುಂಪಿನ ಐವರು ಕ್ಯಾನ್ಸಸ್‌ನ ಕಾಫಿವಿಲ್ ಪಟ್ಟಣದಲ್ಲಿ ಎರಡು ಬ್ಯಾಂಕುಗಳನ್ನು ಏಕಕಾಲಕ್ಕೆ ದೋಚಲು ಹೋದರು. ಊರಿನವರು ಬಂದೂಕು ಹಿಡಿದು ಎದುರು ನಿಂತರು. ಆ ಕಾದಾಟದಲ್ಲಿ ದರೋಡೆಕೋರರಲ್ಲಿ ನಾಲ್ವರು, ಪಟ್ಟಣದವರಲ್ಲಿ ನಾಲ್ವರು ಸತ್ತರು. ಮೈತುಂಬ ಗಾಯಗಳಾದರೂ ಬದುಕುಳಿದವನು ಎಮೆಟ್ ಡಾಲ್ಟನ್ ಒಬ್ಬನೇ. ಅವನಿಗೆ ಆಗ 21 ವರ್ಷ. ಆಲ್ಬಂನ ಎರಡನೆಯ ಹಾಡಿನ ಹೆಸರು ‘ಟ್ವೆಂಟಿ ಒನ್’ ಎಂಬುದನ್ನು ಈ ಸಂಗತಿಯ ಜೊತೆಗಿಟ್ಟು ನೋಡಿದರೆ, ಬರ್ನಿ ಲೆಡನ್ ಅವರ ಬ್ಯಾಂಜೋ ಎಂಬ ತಂತಿವಾದ್ಯ ಅಷ್ಟು ಹುರುಪಿನಿಂದ ಏಕೆ ಓಡುತ್ತದೆ ಎಂಬುದು ತಿಳಿಯುತ್ತದೆ. ಅದು ಇನ್ನೂ ಏನನ್ನೂ ಕಳೆದುಕೊಳ್ಳದ ಹುಡುಗನ ಹುರುಪು. ಗುಂಪಿನಲ್ಲಿದ್ದ ಬಿಲ್ ಡೂಲಿನ್ ಕಾಫಿವಿಲ್‌ಗೆ ಹೋಗಿರಲಿಲ್ಲ. ಮುಂದೆ ತನ್ನದೇ ಗುಂಪು ಕಟ್ಟಿಕೊಂಡ ಅವನು 1896ರಲ್ಲಿ ಗುಂಡೇಟಿಗೆ ಬಲಿಯಾದ. ಆಲ್ಬಂ ಆರಂಭವಾಗುವುದು ಈ ಎರಡು ಹೆಸರುಗಳನ್ನು ಜೋಡಿಸಿದ ‘ಡೂಲಿನ್-ಡಾಲ್ಟನ್’ ಎಂಬ ಹಾಡಿನಿಂದ. ಗಿಟಾರಿನ ಜೊತೆಗೆ ಮೌತ್ ಆರ್ಗನ್ ಒಂದು ಉದ್ದನೆಯ ಎಳೆಯನ್ನು ಎಳೆಯುತ್ತಿದ್ದಂತೆಯೇ ಬಯಲುಸೀಮೆಯ ಧೂಳು ಕಣ್ಣ ಮುಂದೆ ಏಳುತ್ತದೆ.

ದರೋಡೆಕೋರರನ್ನು ವೈಭವೀಕರಿಸುವ ಹಾಡುಗಳನ್ನು ಮೆಚ್ಚುವುದು ಸರಿಯೇ ಎಂದೂ ಕೆಲವರು ಕೇಳಿದ್ದಾರೆ. ನನ್ನ ಮಟ್ಟಿಗೆ ಇದರ ಉತ್ತರವಿರುವುದು, ಮೈಸ್ನರ್ ತಮ್ಮ ಎತ್ತರದ ಕಂಠದಲ್ಲಿ ಹಾಡಿರುವ ‘ಸರ್ಟನ್ ಕೈಂಡ್ ಆಫ್ ಫೂಲ್’ನಲ್ಲಿ. ಒಬ್ಬ ಹುಡುಗ ಕಿಟಕಿಯೊಂದರಲ್ಲಿ ಒಂದು ವಸ್ತುವನ್ನು ಕಾಣುತ್ತಾನೆ. ಅದರ ಹೊಳಪು, ಕೈಗೆ ಹತ್ತುವ ನುಣುಪು ಅವನಿಗೆ ಹಿಡಿಸುತ್ತದೆ. ಅದನ್ನು ಊರಾಚೆಗೆ ಒಯ್ದು ಹಗಲಿರುಳು ಅಭ್ಯಾಸ ಮಾಡುತ್ತಾನೆ, ದೊಡ್ಡವರ ಸಾಲಿನಲ್ಲಿ ನಿಲ್ಲಬಲ್ಲೆ ಎಂಬ ಧೈರ್ಯ ಒಂದು ದಿನ ಮೂಡುತ್ತದೆ. ಆ ವಸ್ತು ಬಂದೂಕೋ ಗಿಟಾರೋ ಎಂಬುದನ್ನು ಆ ಸಾಲುಗಳು ಹೇಳುವುದಿಲ್ಲ. ಎರಡು ಬಗೆಯಲ್ಲಿ ಓದಿಕೊಂಡರೂ ಒಂದು ಪದವೂ ಅಡ್ಡಬರುವುದಿಲ್ಲ. ಮುಂದೆ ಗೋಡೆಯ ಮೇಲೆ ಕಾಣುವ ಭಿತ್ತಿಚಿತ್ರದಲ್ಲಿ ಇರುವುದು ಪೊಲೀಸರಿಗೆ ಬೇಕಾದವನ ಮುಖ. ಊರೂರು ಸುತ್ತುವ ಗಾಯಕನ ಮುಖವೂ ಹಾಗೆಯೇ ಗೋಡೆಗಳ ಮೇಲೆ ಇರುತ್ತದೆಯಲ್ಲವೇ? ಇಡೀ ಆಲ್ಬಂನ ಚಿಂತನೆ ಈ ಒಂದು ಹಾಡಿನಲ್ಲಿ ಅಡಗಿದೆ. ಇಪ್ಪತ್ತರ ಹರೆಯದ ನಾಲ್ವರು ಯುವಕರು, ಒಂದೇ ಆಲ್ಬಂನಿಂದ ಹೆಸರು ಬಂದ ಮರುವರ್ಷವೇ, ಈ ಹೆಸರು ತಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂದು ತಮ್ಮನ್ನೇ ಕೇಳಿಕೊಂಡಿದ್ದಾರೆ. ಹಿಂಬದಿಯ ಹೊದಿಕೆಯ ಚಿತ್ರವೂ ಇದನ್ನೇ ಹೇಳುತ್ತದೆ. ಸತ್ತ ಡಾಲ್ಟನ್ ಗುಂಪಿನವರನ್ನು ಸಾಲಾಗಿ ಮಲಗಿಸಿ ಕಾಫಿವಿಲ್‌ನಲ್ಲಿ ತೆಗೆದ ಹಳೆಯ ಛಾಯಾಚಿತ್ರವನ್ನು ಹೋಲುವಂತೆ, ಛಾಯಾಗ್ರಾಹಕ ಹೆನ್ರಿ ಡಿಲ್ಟ್ಜ್ ಈ ನಾಲ್ವರನ್ನೂ, ಅವರ ಜೊತೆ ಹಾಡು ಕಟ್ಟಿದ ಜಾಕ್ಸನ್ ಬ್ರೌನ್ ಮತ್ತು ಜೆ. ಡಿ. ಸೌದರ್ ಅವರನ್ನೂ ಹೆಣಗಳಂತೆ ನೆಲದ ಮೇಲೆ ಮಲಗಿಸಿದ್ದಾರೆ. ಇದರಲ್ಲಿ ವೈಭವೀಕರಣ ನನಗಂತೂ ಕಾಣುವುದಿಲ್ಲ.

ಇನ್ನು ಶೀರ್ಷಿಕೆಯ ಹಾಡು. ‘ಡೆಸ್ಪರಾಡೊ’ವನ್ನು ಬಿಡಿಯಾಗಿ ಕೇಳಿದವರು ಅದನ್ನು ಒಂಟಿ ಮನುಷ್ಯನಿಗೆ ಗೆಳೆಯ ಹೇಳುವ ಬುದ್ಧಿಮಾತು ಎಂದು ತಿಳಿಯುತ್ತಾರೆ. ಅದು ತಪ್ಪಲ್ಲ. ಆದರೆ ಎಲ್‌ಪಿ ರೆಕಾರ್ಡಿನ ಮೊದಲ ಮಗ್ಗುಲಿನ ಕೊನೆಯ ಹಾಡಾಗಿ, ಹುರುಪು, ಕುಡಿತ, ಗದ್ದಲಗಳೆಲ್ಲ ಮುಗಿದ ಮೇಲೆ ಕೇಳಿದಾಗ, ಅದರಲ್ಲಿ ಬರುವ ಇಸ್ಪೀಟು ಎಲೆಗಳ ಮಾತು, ಬೇಲಿಯ ಮಾತು ಬೇರೆಯದೇ ಭಾರವನ್ನು ಪಡೆಯುತ್ತವೆ. ಇಲ್ಲಿ ಬುದ್ಧಿ ಹೇಳಿಸಿಕೊಳ್ಳುತ್ತಿರುವವನ ಕೊನೆ ಏನೆಂಬುದು ಕೇಳುಗರಿಗೆ ಆಗಲೇ ಗೊತ್ತಿದೆ. ಪಿಯಾನೊ ಒಂದೇ ಆರಂಭಿಸುತ್ತದೆ, ಜಿಮ್ ಎಡ್ ನಾರ್ಮನ್ ಸಂಯೋಜಿಸಿದ ತಂತಿವಾದ್ಯಗಳು ಮೆಲ್ಲನೆ ಸೇರುತ್ತವೆ, ಡ್ರಮ್ಸ್ ಬಹಳ ಹೊತ್ತು ಕಾದು ಆಮೇಲೆ ಬರುತ್ತದೆ. ಲಂಡನ್ನಿನಲ್ಲಿ, ನಿರ್ಮಾಪಕ ಗ್ಲಿನ್ ಜಾನ್ಸ್ ಅವರ ಮೇಲ್ವಿಚಾರಣೆಯಲ್ಲಿ ಮುದ್ರಿಸಿದ ಈ ಹಾಡಿನ ಗಾಯನದ ಬಗ್ಗೆ ತಮಗೆ ತೃಪ್ತಿಯಿಲ್ಲವೆಂದು ಹೆನ್ಲಿ ಮುಂದೆ ಹೇಳಿದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆ. ಅವರ ದನಿಯಲ್ಲಿರುವ ಆ ಸಣ್ಣ ಅಳುಕೇ ಹಾಡನ್ನು ಉಪದೇಶವಾಗದಂತೆ ಕಾಪಾಡಿದೆ.

ಆಲ್ಬಂನಲ್ಲಿ ದೋಷವಿಲ್ಲವೆಂದಲ್ಲ. ‘ಔಟ್ ಆಫ್ ಕಂಟ್ರೋಲ್’ನ ಅಬ್ಬರ ನನಗೆ ಇಂದಿಗೂ ಹೊರಗಿನಿಂದ ತಂದು ಇಟ್ಟಂತೆ ಕೇಳಿಸುತ್ತದೆ.

1973ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಆಲ್ಬಂ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 41ನೆಯ ಸ್ಥಾನದಿಂದ ಮೇಲೇರಲಿಲ್ಲ. ಬಿಡಿಯಾಗಿ ಹೊರಬಂದ ‘ಟಕೀಲಾ ಸನ್‌ರೈಸ್’ 64ನೆಯ ಸ್ಥಾನಕ್ಕೆ, ‘ಔಟ್‌ಲಾ ಮ್ಯಾನ್’ 59ಕ್ಕೆ ನಿಂತವು. ಶೀರ್ಷಿಕೆಯ ಹಾಡನ್ನು ತಂಡ ಬಿಡಿ ಹಾಡಾಗಿ ಹೊರತರಲೇ ಇಲ್ಲ. ಅದೇ ವರ್ಷ ಲಿಂಡಾ ರಾನ್‌ಸ್ಟಾಟ್ ಹಾಡಿದ್ದರಿಂದಲೇ ಅದು ಅನೇಕರ ಕಿವಿಗೆ ಬಿದ್ದಿತು. ಮೂರನೆಯ ಆಲ್ಬಂನ ಕೆಲಸದ ನಡುವೆ ಗ್ಲಿನ್ ಜಾನ್ಸ್ ಅವರಿಂದ ದೂರವಾದ ತಂಡ, ಡಾನ್ ಫೆಲ್ಡರ್ ಅವರ ಎಲೆಕ್ಟ್ರಿಕ್ ಗಿಟಾರನ್ನು ಸೇರಿಸಿಕೊಂಡು ರಾಕ್ ಕಡೆಗೆ ವಾಲಿತು. ಲೆಡನ್ 1975ರಲ್ಲಿ ಹೊರನಡೆದರು. ‘ಹೋಟೆಲ್ ಕ್ಯಾಲಿಫೋರ್ನಿಯಾ’ ಕೇಳುವಾಗ ನಾನು ಹುಡುಕುವ ಬ್ಯಾಂಜೋ, ಮ್ಯಾಂಡೊಲಿನ್ ಅಲ್ಲಿ ಇಲ್ಲದಿರುವುದಕ್ಕೆ, ನಾಲ್ಕು ಕಂಠಗಳು ಸಮಸಮನಾಗಿ ಕೂಡುವ ಆ ಹಿತ ಮತ್ತೆ ಸಿಗದಿರುವುದಕ್ಕೆ ಕಾರಣ ಇದೇ.

ಆದ್ದರಿಂದ ಕೇಳಿದವರಿಗೆ ನಾನು ಹೇಳುವುದು ಇಷ್ಟು: ಸುಮಾರು 36 ನಿಮಿಷ ಬಿಡುವು ಮಾಡಿಕೊಳ್ಳಿ, ಹನ್ನೊಂದು ತುಣುಕುಗಳನ್ನೂ ಅವು ಇರುವ ಕ್ರಮದಲ್ಲೇ ಕೇಳಿ, ನಡುವೆ ಬರುವ ಒಂದು ನಿಮಿಷಕ್ಕೂ ಚಿಕ್ಕದಾದ ವಾದ್ಯಸಂಗೀತವನ್ನೂ ಬಿಡಬೇಡಿ. ಕೊನೆಯ ತುಣುಕಿನಲ್ಲಿ ‘ಡೂಲಿನ್-ಡಾಲ್ಟನ್’ ಮತ್ತು ‘ಡೆಸ್ಪರಾಡೊ’ ಎರಡೂ ಮರಳಿ ಬಂದು ಒಂದರೊಳಗೊಂದು ಬೆರೆಯುತ್ತವೆ. ಅಷ್ಟು ಹೊತ್ತು ಬೇರೆಬೇರೆಯಾಗಿದ್ದ ಗುಂಪಿನ ಕಥೆಯೂ ಒಂಟಿ ಮನುಷ್ಯನ ಕಥೆಯೂ ಅಲ್ಲಿ ಒಂದೇ ರಾಗವಾಗುತ್ತವೆ.