ಮ್ಯೂಸಿಯಂನಿಂದ ಪದ್ಮನಾಭನ ಬಾಗಿಲಿಗೆ: ತಿರುವನಂತಪುರದಲ್ಲಿ ಒಂದು ಸಂಜೆಯ ನಡಿಗೆ

ತಿರುವನಂತಪುರಕ್ಕೆ ಹೋದವರಲ್ಲಿ ಹೆಚ್ಚಿನವರು ಮೊದಲು ದೇವಸ್ಥಾನ, ಆಮೇಲೆ ಉಳಿದದ್ದು ಎಂದು ಲೆಕ್ಕ ಹಾಕುತ್ತಾರೆ. ನೇಪಿಯರ್ ಮ್ಯೂಸಿಯಂ ಮತ್ತು ಪದ್ಮನಾಭಸ್ವಾಮಿ ದೇವಸ್ಥಾನ ಎರಡನ್ನೂ ನಡೆದೇ ಮುಗಿಸುವ ಆಸೆಯಿದ್ದರೆ ಈ ಲೆಕ್ಕವನ್ನು ತಿರುಗಿಸಿಕೊಳ್ಳಿ: ಮಧ್ಯಾಹ್ನ ಮ್ಯೂಸಿಯಂ, ಸಂಜೆ ದರ್ಶನ. ಮ್ಯೂಸಿಯಂ ಮುಚ್ಚುವುದು 4.45ಕ್ಕೆ, ದೇವಸ್ಥಾನದ ಸಂಜೆಯ ಬಾಗಿಲು ತೆರೆಯುವುದು 5ಕ್ಕೆ. ಬೆಳಗಿನ ದರ್ಶನವಾದರೋ ತುಂಡು ತುಂಡು: ನಸುಕಿನ 3.30ರಿಂದ 4.45, ಮತ್ತೆ 6.30ರಿಂದ 7, 8.30ರಿಂದ 10, 10.30ರಿಂದ 11.10, ಕೊನೆಗೆ 11.45ರಿಂದ 12. ಒಂದು ತಪ್ಪಿದರೆ ಇನ್ನೊಂದಕ್ಕೆ ಕಾಯಬೇಕು. ಕಾದು ಹೊರಬರುವಷ್ಟರಲ್ಲಿ ಬಿಸಿಲೇರಿ, ಸೆಕೆಗೆ ಅಂಗಿ ಬೆನ್ನಿಗಂಟಿ, ಸಿಕ್ಕಿದ ಆಟೋ ಹತ್ತುವುದೇ ಆಗುತ್ತದೆ.

ರೈಲಿನ ಸಮಯವೂ ಸಂಜೆಯ ನಡಿಗೆಗೇ ಹೊಂದುತ್ತದೆ. ಬೆಂಗಳೂರಿನಿಂದ ರಾತ್ರಿ ಬಿಡುವ ಕನ್ಯಾಕುಮಾರಿ ಗಾಡಿ, ಹಳಬರ ಬಾಯಲ್ಲಿ ಐಲ್ಯಾಂಡ್ ಎಕ್ಸ್‌ಪ್ರೆಸ್, ಮರುದಿನ ಮಧ್ಯಾಹ್ನ ಇಲ್ಲಿ ಇಳಿಸುತ್ತದೆ. ಮಂಗಳೂರು ಕಡೆಯಿಂದ ಮಾವೇಲಿ, ಮಲಬಾರ್ ಗಾಡಿಗಳಲ್ಲಿ ಬರುವವರು ಬೆಳಿಗ್ಗೆಯೇ ತಲಪುತ್ತಾರೆ. ಸ್ನಾನ, ಊಟ, ಒಂದು ನಿದ್ದೆ ಮುಗಿಸಿ ಹೊರಡಬಹುದು. ಸಾಮಾನನ್ನು ಕೋಣೆಯಲ್ಲೋ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲೋ ಬಿಟ್ಟೇ ಹೊರಡಿ. ಸ್ಟೇಷನ್ ಇರುವ ತಂಬಾನೂರು ದೇವಸ್ಥಾನಕ್ಕೆ ಹತ್ತಿರ, ಮ್ಯೂಸಿಯಂಗೆ ದೂರ. ಹಾಗಾಗಿ ಮ್ಯೂಸಿಯಂಗೆ ಬಸ್ಸಿನಲ್ಲೋ ಆಟೋದಲ್ಲೋ ಹೋಗಿ, ನಡೆಯುತ್ತಾ ವಾಪಸ್ ಬನ್ನಿ.

ವಾರದ ದಿನ ನೋಡಿಕೊಳ್ಳಿ. ಸೋಮವಾರ ಮ್ಯೂಸಿಯಂ ಮುಚ್ಚಿರುತ್ತದೆ, ದೇವಸ್ಥಾನದ ಪಕ್ಕದ ಕುದಿರಮಾಳಿಗ ಅರಮನೆಯೂ ಅಂದೇ ಮುಚ್ಚಿರುತ್ತದೆ. ಬುಧವಾರ ಮ್ಯೂಸಿಯಂ ತೆರೆಯುವುದು ಮಧ್ಯಾಹ್ನ 1ಕ್ಕೆ. ನಮ್ಮ ಲೆಕ್ಕಕ್ಕೆ ಅದರಿಂದ ತೊಂದರೆಯಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಹೋಗುವವರು ಕೊಡೆ ಮರೆಯಬೇಡಿ. ಆ ತಿಂಗಳುಗಳ ತುಲಾವರ್ಷ ಗುಡುಗು ಸಮೇತ ಸುರಿಯುವುದು ಮಧ್ಯಾಹ್ನದ ಮೇಲೆಯೇ, ಅಂದರೆ ನೀವು ರಸ್ತೆಯಲ್ಲಿರುವ ಹೊತ್ತಿಗೆ. ತಂಬಾನೂರು, ದೇವಸ್ಥಾನವಿರುವ ಕೋಟೆಯ ಕಡೆ ತಗ್ಗು. ಜೋರು ಮಳೆಯಾದರೆ ನೀರು ನಿಲ್ಲುತ್ತದೆ.

ಇನ್ನು ಬಟ್ಟೆ. ಸಾಲಿನಲ್ಲಿ ನಿಂತ ಮೇಲೆ ವಾಪಸ್ ಬರುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಗಂಡಸರಿಗೆ ಪಂಚೆ, ಮೈಮೇಲೆ ಅಂಗಿ ಬನಿಯನ್ ಇರಕೂಡದು. ಹೆಂಗಸರಿಗೆ ಸೀರೆ, ಲಂಗ ದಾವಣಿ, ಅಥವಾ ಕೇರಳದ ಸೆಟ್ ಮುಂಡು. ಚೂಡಿದಾರ್ ಹಾಕಿಕೊಂಡು ಬಂದವರು ಅದರ ಮೇಲೆ ಸೊಂಟದಿಂದ ಪಂಚೆ ಸುತ್ತಿಕೊಂಡರೆ ಒಳಗೆ ಬಿಡುತ್ತಾರೆ. ಪ್ಯಾಂಟಿನ ಕಾಲು ಮಡಚಿ ಮೇಲೆ ಪಂಚೆ ಸುತ್ತಿಕೊಳ್ಳುವ ಗಂಡಸರೂ ಕಾಣಸಿಗುತ್ತಾರೆ, ಅದನ್ನು ನೆಚ್ಚಿಕೊಳ್ಳಬೇಡಿ. ಬಾಗಿಲ ಹತ್ತಿರ ಬಾಡಿಗೆಗೂ ಕ್ರಯಕ್ಕೂ ಪಂಚೆ ಸಿಗುತ್ತದೆ, ಆದರೆ ಐದು ಗಂಟೆಯ ನೂಕುನುಗ್ಗಲಿನಲ್ಲಿ ಅಲ್ಲಿ ನಿಂತು ಉಟ್ಟುಕೊಳ್ಳುವುದು ಪೇಚಾಟ. ಮನೆಯಿಂದಲೇ ಒಂದು ಬಿಳಿ ಪಂಚೆ ತಂದು, ಕೋಣೆಯಲ್ಲೇ ಉಟ್ಟು ಹೊರಡುವುದು ಲೇಸು. ಡಬಲ್ ಪಂಚೆಯಾದರೆ ಎರಡು ಪದರ ಬರುತ್ತದೆ, ಬೆಳಕಿಗೆ ಮೈ ಕಾಣುವುದಿಲ್ಲ, ಸೊಂಟದಲ್ಲೂ ಚೆನ್ನಾಗಿ ಕೂರುತ್ತದೆ. ಕಟ್ಟಿ ಅಭ್ಯಾಸವಿಲ್ಲದವರು ವೆಲ್ಕ್ರೋ ಪಂಚೆ ತೆಗೆದುಕೊಳ್ಳಲಿ, ನಾಚಿಕೆ ಬೇಡ. ರಸ್ತೆಯಲ್ಲಿ ಮಲಯಾಳಿಗಳಂತೆ ಮೊಣಕಾಲಿಗೆ ಎತ್ತಿ ಮಡಚಿ ಕಟ್ಟಿದರೆ ಕಾಲು ಸಲೀಸು. ದೇವಸ್ಥಾನದ ಹತ್ತಿರ ಬಂದಾಗ ಮಡಿಕೆ ಬಿಚ್ಚಿ ಇಳಿಬಿಡಬೇಕು. ಎತ್ತಿ ಕಟ್ಟಿದ ಪಂಚೆಯಲ್ಲಿ ದೇವರ ಮುಂದೆ ಹೋಗುವುದು ಅಲ್ಲಿ ಅಗೌರವ.

ಎರಡು ಗಂಟೆಗೆ ಮ್ಯೂಸಿಯಂ ಸೇರಿದರೆ ಒಳ್ಳೆಯದು. ಆವರಣ ದೊಡ್ಡದು, ಮೃಗಾಲಯವೂ ಅದರೊಳಗೇ ಇದೆ. ಮಕ್ಕಳು ಹಟ ಹಿಡಿದು ಮೃಗಾಲಯಕ್ಕೆ ಹೊಕ್ಕರೆ ಅಂದಿನ ನಡಿಗೆ ಮರೆತುಬಿಡಿ. ರಾಬರ್ಟ್ ಚಿಸಮ್ ವಿನ್ಯಾಸ ಮಾಡಿದ, 1880ರಲ್ಲಿ ಮುಗಿದ ಮುಖ್ಯ ಕಟ್ಟಡಕ್ಕೆ ಒಂದು ಗಂಟೆ ಬೇಕು. ಕೇರಳದ ಇಳಿಜಾರು ಮಾಡು, ಭಾರತೀಯ, ಇಸ್ಲಾಮಿಕ್ ಶೈಲಿ ಬೆರೆತ ಇಂಡೋ ಸಾರಸೆನಿಕ್ ಕಮಾನು, ಒಳಗೋಡೆಗೆ ಪಟ್ಟೆ ಪಟ್ಟೆ ಬಣ್ಣ. ಮರದ ರಥ, ದಂತದ ಕೆತ್ತನೆ ಎಲ್ಲ ಇದ್ದರೂ ಸಮಯ ಕೊಡಬೇಕಾದದ್ದು ಕಂಚಿನ ವಿಗ್ರಹಗಳಿಗೆ. ಸಂಜೆ ನೋಡಲಿರುವ ಮೂರ್ತಿ ಅರೆಗತ್ತಲಲ್ಲಿ, ಬಾಗಿಲುಗಳ ಮೂಲಕ, ಕೆಲವೇ ಕ್ಷಣ. ಇಲ್ಲಿಯ ವಿಷ್ಣು ಬೆಳಕಿನಲ್ಲಿ, ಕೈಗೆಟುಕುವ ದೂರದಲ್ಲಿ ನಿಂತಿದ್ದಾನೆ. ಶಂಖ ಚಕ್ರ ಹಿಡಿದ ಬೆರಳು, ಸೊಂಟದ ಪಟ್ಟಿ, ಯಜ್ಞೋಪವೀತದ ಬಾಗು ಎಲ್ಲವನ್ನೂ ಸುತ್ತು ಬಂದು ನೋಡಿಕೊಳ್ಳಿ.

ಪಕ್ಕದಲ್ಲೇ 1935ರಲ್ಲಿ ಆರಂಭವಾದ ಶ್ರೀ ಚಿತ್ರ ಕಲಾ ಗ್ಯಾಲರಿ. ರಾಜಾ ರವಿವರ್ಮನ ಚಿತ್ರಗಳಿಗಾಗಿ ಈಗ ಅದೇ ಆವರಣದಲ್ಲಿ ಬೇರೆ ಗ್ಯಾಲರಿಯೂ ಇದೆ. ಕಾಲಿನ ಮುಳ್ಳು ತೆಗೆಯುವ ನೆವದಲ್ಲಿ ಹಿಂತಿರುಗಿ ನೋಡುವ ಶಕುಂತಲೆ ಇರುವುದು ಇಲ್ಲೇ. ಕ್ಯಾಲೆಂಡರಿನಲ್ಲಿ ನೋಡಿ ಬೆಳೆದವರು, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನನ್ನು ಕಂಡವರು ಇದಕ್ಕೆ ಅರ್ಧ ಗಂಟೆಯಾದರೂ ಇಟ್ಟುಕೊಳ್ಳಲಿ.

3.40ಕ್ಕೆ ಗೇಟು ದಾಟಿ. ದೇವಸ್ಥಾನಕ್ಕೆ ಮೂರೂವರೆ ಕಿಲೋಮೀಟರಿನ ಮೇಲೆ ಚೂರು. ನಿಲ್ಲದೆ ನಡೆದರೆ ಐವತ್ತು ನಿಮಿಷ, ಅಲ್ಲಲ್ಲಿ ನಿಂತರೆ ಒಂದು ಗಂಟೆಯ ಮೇಲೆ. ದಾರಿ ತಪ್ಪುವ ಭಯವಿಲ್ಲ. ಎಲ್‌ಎಂಎಸ್ ಜಂಕ್ಷನ್ ಮೂಲಕ ಪಾಳಯಂ, ಅಲ್ಲಿಂದ ಎಂಜಿ ರಸ್ತೆಯೇ ಕೋಟೆಯವರೆಗೂ. ಕೇಳಬೇಕಾಗಿ ಬಂದರೆ ‘ಕಿಳಕ್ಕೇಕೋಟ’ ಎನ್ನಿ, ಅಂದರೆ ಪೂರ್ವದ ಕೋಟೆ. ‘ನೇರೆ’ ಎಂಬ ಉತ್ತರ ಬರುತ್ತದೆ, ಅಂದರೆ ನೆಟ್ಟಗೆ.

ಪಾಳಯಂನಲ್ಲಿ ಮಸೀದಿ, ಚರ್ಚು, ಗಣಪತಿ ಗುಡಿ ಮೂರೂ ಒಂದೇ ಕಣ್ಣಳತೆಯಲ್ಲಿ ಸಿಗುತ್ತವೆ. ರಸ್ತೆ ದಾಟುವಾಗ ಆತುರ ಬೇಡ. ಶಾಲೆ ಬಿಡುವ ಹೊತ್ತು, ಬಸ್ಸುಗಳು ದಯೆ ತೋರುವುದಿಲ್ಲ. ಮುಂದೆ ಯೂನಿವರ್ಸಿಟಿ ಕಾಲೇಜು, ಅಯ್ಯಂಕಾಳಿ ಹಾಲ್, ಆಮೇಲೆ 1869ರ ಸೆಕ್ರೆಟೇರಿಯಟ್. ಅದರೆದುರಿನ ಪ್ರತಿಮೆ ತಿರುವಾಂಕೂರಿನ ದಿವಾನರಾಗಿದ್ದ ಟಿ. ಮಾಧವರಾಯರದು; ಆ ಜಾಗದ ಹೆಸರೇ ಸ್ಟ್ಯಾಚ್ಯೂ. ನಡಿಗೆ ಸಿಕ್ಕಿಹಾಕಿಕೊಳ್ಳುವುದಾದರೆ ಇಲ್ಲಿಯೇ. ಸೆಕ್ರೆಟೇರಿಯಟ್ ಮುಂದೆ ಧರಣಿ, ಮೆರವಣಿಗೆ ತಪ್ಪಿದ್ದಲ್ಲ. ಬರಿಯ ಧರಣಿಯಾದರೆ ಆಚೆ ಬದಿಯ ಫುಟ್‌ಪಾತ್ ಹಿಡಿದರೆ ಸಾಕು. ಪೊಲೀಸರು ಬ್ಯಾರಿಕೇಡ್ ಎಳೆದು ನಿಂತಿದ್ದರೆ ಕುತೂಹಲಕ್ಕೂ ನಿಲ್ಲಬೇಡಿ, ಜಲಫಿರಂಗಿ ದಾರಿಹೋಕರನ್ನು ಗುರುತು ಹಿಡಿಯುವುದಿಲ್ಲ. ಒಳರಸ್ತೆ ಕೇಳಿಕೊಂಡು ಬಳಸಿ ಹೋಗಿ.

ಪುಳಿಮೂಡು, ಆಯುರ್ವೇದ ಕಾಲೇಜು ಬೇಗ ಕಳೆಯುತ್ತವೆ. ಫುಟ್‌ಪಾತ್ ಚಪ್ಪಡಿ ನೋಡಿಕೊಂಡು ಇಳಿಯಿರಿ ಅಷ್ಟೆ. ಓವರ್‌ಬ್ರಿಜ್ಜಿನ ಕೆಳಗೆ ರೈಲು ಹಳಿ. ಅಲ್ಲಿಂದ ಮುಂದೆ ತೆಂಗಿನಕಾಯಿ ಒಡೆಯುವ ಸದ್ದು ಕೇಳಿಸಿದರೆ ಪಳವಂಗಾಡಿ ಗಣಪತಿ ಬಂದ ಎಂದೇ ಅರ್ಥ. ಸೇನೆಯೇ ನೋಡಿಕೊಳ್ಳುವ ಗುಡಿ ಇದು. ಹರಕೆಯ ಕಾಯನ್ನು ಕೈಬೀಸಿ ಬಡಿಯುತ್ತಾರೆ, ಚೂರು ಸಿಡಿಯುತ್ತದೆ. ಎರಡು ಹೆಜ್ಜೆ ದೂರ ನಿಲ್ಲಿ.

ಕೋಟೆಯ ಬಾಗಿಲು ದಾಟಿ ಪದ್ಮತೀರ್ಥ ಕೊಳದ ಕಡೆ ಬಂದಾಗ ಐದಕ್ಕೆ ಇನ್ನೂ ಐದು ನಿಮಿಷವಿದ್ದರೆ ಕೊಳದ ಎದುರಿನ ಕಟ್ಟಡದ ಮೇಲಿನ ಮೇತನ್ ಮಣಿಯನ್ನು ನೋಡಿ. ಗಡಿಯಾರದ ಮೇಲೆ ಗಡ್ಡದ ಒಂದು ಮುಖ, ಎರಡೂ ಪಕ್ಕ ಒಂದೊಂದು ಟಗರು. ಗಂಟೆಯಾದಾಗ ಮುಖ ಬಾಯಿ ತೆರೆಯುತ್ತದೆ, ಟಗರುಗಳು ಎರಡೂ ಕೆನ್ನೆಗೆ ಹಾಯುತ್ತವೆ. ಕೆಟ್ಟು ನಿಂತ ಕಾಲವೂ ಉಂಟು, ಹಾಗಾಗಿ ಅದಕ್ಕೆಂದೇ ಕಾಯುತ್ತ ಸಾಲು ತಪ್ಪಿಸಿಕೊಳ್ಳಬೇಡಿ.

ಫೋನು, ಕ್ಯಾಮೆರಾ, ಚೀಲ, ಅಂಗಿ, ಚಪ್ಪಲಿ ಎಲ್ಲವನ್ನೂ ಹೊರಗೆ ಕೌಂಟರಿನಲ್ಲಿ ಬಿಡಬೇಕು. ವಸ್ತುವಿಗಿಷ್ಟು ಎಂದು ದುಡ್ಡು. ನಾಲ್ಕು ಜನರ ಸಾಮಾನು ಒಂದೇ ಚೀಲಕ್ಕೆ ತುಂಬಿದರೆ ಸಮಯವೂ ದುಡ್ಡೂ ಉಳಿಯುತ್ತದೆ. ಕಾಣಿಕೆಯ ಹಣ, ಟೋಕನ್ ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಹಿಂದೂಗಳಿಗಷ್ಟೇ ಪ್ರವೇಶ. ಜೊತೆಯಲ್ಲಿ ಬೇರೆ ಧರ್ಮದ ಗೆಳೆಯರಿದ್ದರೆ ಅವರಿಗೆ ಕುದಿರಮಾಳಿಗ ಇದೆ. ಮಾಡಿನ ಕೆಳಗೆ ಕೆತ್ತಿದ 122 ಮರದ ಕುದುರೆಗಳಿರುವ, ಸ್ವಾತಿ ತಿರುನಾಳರ ಅರಮನೆ. ಅದು ಸಂಜೆಯ ದರ್ಶನಕ್ಕೆ ಮೊದಲೇ ಮುಚ್ಚುವುದರಿಂದ ಅವರು ಮ್ಯೂಸಿಯಂನಿಂದ ಮೊದಲೇ ಹೊರಟು ನಾಲ್ಕರೊಳಗೆ ಬರಬೇಕು.

ಏಳು ನೆಲೆಯ ಗೋಪುರ, ಕಲ್ಲಿನ ಮೊಗಸಾಲೆ, ಕೈಯಲ್ಲಿ ದೀಪ ಹಿಡಿದ ಕಂಬದ ಹೆಂಗಸರು; ಇವನ್ನೆಲ್ಲ ದರ್ಶನವಾದ ಮೇಲೆ ನಿಧಾನ ನೋಡಿ, ಮೊದಲು ಒಳಸಾಲು ಸೇರಿಕೊಳ್ಳಿ. ಒಂದೇ ಬಂಡೆಯ ಒಟ್ಟಕ್ಕಲ್ ಮಂಟಪ ಹತ್ತಿದರೆ ಎದುರಿಗೆ ಮೂರು ಬಾಗಿಲು. ಹದಿನೆಂಟು ಅಡಿಯ ಮೂರ್ತಿ ಒಂದರಲ್ಲಿ ಪೂರ್ತಿ ಕಾಣುವುದಿಲ್ಲ. ಎಡದ ಬಾಗಿಲಲ್ಲಿ ಮುಖ, ಕೆಳಗೆ ಶಿವಲಿಂಗದ ಮೇಲೆ ಚಾಚಿದ ಬಲಗೈ. ನಡುವಿನದರಲ್ಲಿ ನಾಭಿಯ ಕಮಲ, ಬ್ರಹ್ಮ, ಮುಂದೆ ಉತ್ಸವಮೂರ್ತಿಗಳು. ಬಲದ ಬಾಗಿಲಲ್ಲಿ ಪಾದ. ಒಳಗಿರುವುದು ಎಣ್ಣೆ ದೀಪದ ಬೆಳಕು, ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು, ‘ಮುಂದೆ ಹೋಗಿ’ ಎನ್ನುವವರು ಆ ಹೊತ್ತು ಕೊಡುವುದಿಲ್ಲ. ಕೈಮುಗಿದು ಕಣ್ಣು ಮುಚ್ಚುವ ನಮ್ಮ ರೂಢಿ ಇಲ್ಲಿ ನಷ್ಟ. ಕಣ್ಣು ತೆರೆದು, ಎಡದಿಂದ ಬಲಕ್ಕೆ ಸರಿಯುತ್ತಾ ನೋಡಿ. ಮೊದಲ ಸಲ ಮುಖ ತಪ್ಪಿಹೋದರೆ 6.15ರೊಳಗೆ ಇನ್ನೊಮ್ಮೆ ಸಾಲಿಗೆ ಸೇರಬಹುದು, ಮುಂದಿನದು 6.45ರಿಂದ 7.20. ಉತ್ಸವದ ದಿನಗಳಲ್ಲಿ ಈ ಗಂಟೆಗಳು ಬದಲಾಗುತ್ತವೆ.

ಈ ಅನಂತಪದ್ಮನಾಭನ ಮೂಲಸ್ಥಾನವೆಂದು ನಂಬುವುದು ಕಾಸರಗೋಡಿನ ಕುಂಬಳೆ ಬಳಿಯ ಅನಂತಪುರದ ಕೆರೆಯ ನಡುವಿನ ಗುಡಿಯನ್ನು. ಮಂಗಳೂರಿಗೆ ರೈಲಿನಲ್ಲಿ ಮರಳುವವರಿಗೆ ಅದು ದಾರಿಯಲ್ಲೇ ಸಿಗುತ್ತದೆ, ಕನ್ನಡ ನಡೆಯುವ ಸೀಮೆಯಾದ್ದರಿಂದ ಅರ್ಚಕರ ಮಾತೂ ಅರ್ಥವಾಗುತ್ತದೆ.

ಹೊರಬಂದ ಮೇಲೆ ಹಸಿವಾದರೆ ತಂಬಾನೂರಿನ ಬಸ್ ನಿಲ್ದಾಣದ ಪಕ್ಕದ ಇಂಡಿಯನ್ ಕಾಫಿ ಹೌಸ್. ಲಾರಿ ಬೇಕರ್ ಕಟ್ಟಿದ ಕೆಂಪು ಇಟ್ಟಿಗೆಯ ಉರುಟು ಗೋಪುರ. ಒಳಗೆ ಮೆಟ್ಟಿಲಿಲ್ಲ, ಸುರುಳಿ ಸುತ್ತುವ ಇಳಿಜಾರು ನೆಲದುದ್ದಕ್ಕೂ ಮೇಜುಗಳು. ಮೇಲೆ ಹೋದಷ್ಟೂ ಜಾಗ ಖಾಲಿ.