ಒತ್ತು ಎಲ್ಲಿ ಬೀಳುತ್ತದೆ?

ಇಂಗ್ಲಿಷ್ ಉಚ್ಚಾರಣೆಯ ಪೀರಿಯಡ್‌ನಲ್ಲಿ ನಮ್ಮ ಮೇಡಂ ಪುಸ್ತಕ ತೆಗೆಸುತ್ತಲೇ ಇರಲಿಲ್ಲ. ಬೋರ್ಡಿನ ಮೇಲೆ ಒಂದು ಪದ ಬರೆಯುತ್ತಿದ್ದರು. ಅದನ್ನು ಸಿಲಬಲ್‌ಗಳಾಗಿ ಒಡೆಯಬೇಕು, ಆಮೇಲೆ ಒತ್ತು ಎಲ್ಲಿದೆ ಅಂತ ಹೇಳಬೇಕು. ಒತ್ತಕ್ಷರದ ಒತ್ತಲ್ಲ, ದನಿಯ ಒತ್ತು.

ಮೊದಲು ಬಂದದ್ದು ಅನ್‌ಹ್ಯಾಪಿ. ಅನ್, ಹ್ಯಾ, ಪಿ: ಮೂರು ಸಿಲಬಲ್. ಒತ್ತು ಹ್ಯಾ ಮೇಲೆ. ಬರೀ ಹ್ಯಾಪಿ ಅನ್ನುವಾಗಲೂ ಅಲ್ಲೇ ಇತ್ತು, ಅಲ್ವಾ? ಮುಂದೆ ಅನ್ ಬಂದು ಕೂತರೂ ಅದು ಜಾಗ ಬಿಡುವುದಿಲ್ಲ. ಅನ್‌ಕಾಮನ್, ಅನ್‌ಫ್ರೆಂಡ್ಲಿ ಎಲ್ಲವೂ ಹಾಗೇ. 'ಹ್ಯಾಪಿ ಅಲ್ಲ, ಅನ್‌ಹ್ಯಾಪಿ' ಎಂದು ಎದುರುಬದುರು ಇಟ್ಟು ಹೇಳುವಾಗ ಮಾತ್ರ ಅನ್ ಜೋರಾಗುತ್ತದೆ.

ಸಿಲಬಲ್ ಎಣಿಸಬೇಕಾದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಅನ್‌ವಾಂಟೆಡ್‌ನಲ್ಲಿ ಮೂರು, ಅನ್‌ವಾಶ್ಡ್‌ನಲ್ಲಿ ಎರಡೇ. ಇಂಗ್ಲಿಷ್ ಬರಹದಲ್ಲಿ ಎರಡರ ಕೊನೆಯೂ ಒಂದೇ, ed. ಟ ಅಥವಾ ಡ ಸದ್ದಿನ ನಂತರ ಬಂದಾಗಷ್ಟೇ ಆ ಕೊನೆ ಬೇರೆ ಸಿಲಬಲ್ ಆಗುತ್ತದೆ.

ಒಂದು ದಿನ ಮೇಡಂ ಫೇಮಸ್ ಬರೆದು, ಪಕ್ಕದಲ್ಲೇ ಇನ್ಫಮಸ್ ಬರೆದರು. ನನಗೆ ಭಾಷೆಯ ಹುಚ್ಚು ಹಿಡಿದದ್ದೇ ಆ ಪಾಠದಿಂದ. ಇಲ್ಲಿ ಒತ್ತು ಇನ್ ಮೇಲೆ ಹಾರಿ ಕೂತಿದೆ. ಒತ್ತು ಕಳೆದುಕೊಂಡ ಫೇ ಕುಗ್ಗಿ ಫ ಆಗಿದೆ, ಬಾಯಲ್ಲಿ ಅರ್ಧ ಕರಗಿಯೇ ಹೋಗಿದೆ. ಫೈನೈಟ್ ಕೂಡ ಹೀಗೇ ಇನ್ಫಿನಿಟ್ ಆಗುತ್ತದೆ. ಕನ್ನಡದಲ್ಲಿ ನಾವು ಪ್ರತಿ ಅಕ್ಷರವನ್ನೂ ತುಂಬಿ ನುಡಿಯುತ್ತೇವೆ. ಅದಕ್ಕೇ ನಮ್ಮ ನಾಲಿಗೆಗೆ 'ಇನ್‌ಫೇಮಸ್' ಸಲೀಸು.

ಇದು ಯಾಕೆ ಹೀಗೆ? ಅನ್ ಇಂಗ್ಲಿಷಿನ ಸ್ವಂತ ಮಾತು, ಇನ್ ಲ್ಯಾಟಿನ್ ಕಡೆಯಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ಒತ್ತು ಹುಡುಕುವುದು ಪದದ ಕೊನೆಯಿಂದ. ಮೇಡಂ ಇದನ್ನು ನಮ್ಮ ಛಂದಸ್ಸಿನ ಲಘು–ಗುರು ಹಿಡಿದೇ ಹೇಳಿಕೊಟ್ಟರು. ಕೊನೆಯಿಂದ ಎರಡನೆಯದು ಗುರುವಾದರೆ ಒತ್ತು ಅದಕ್ಕೇ. ಲಘುವಾದರೆ ಅದರ ಹಿಂದಿನದಕ್ಕೆ. ಇಂಗ್ಲಿಷಿಗೆ ಬಂದ ಬಹಳ ಪದಗಳಲ್ಲಿ ಈ ಜಾಡು ಕಾಣುತ್ತದೆ. ಇಂಪೇಶಂಟ್‌ನಲ್ಲಿ ಪೇ ದೀರ್ಘ, ಒತ್ತು ಅಲ್ಲೇ. ಇನ್ಫಿನಿಟ್‌ನಲ್ಲಿ ಫಿ ಲಘು, ಒತ್ತು ಹಿಂದೆ ಸರಿದು ಇನ್ ಮೇಲೆ. ಇಂಪಾಸಿಬಲ್‌ನಲ್ಲಿ ಸಿ ಲಘು, ಒತ್ತು ಪಾ ಮೇಲೆ. ಎಲ್ಲ ಪದಕ್ಕೂ ಇದು ಹೊಂದುವುದಿಲ್ಲ. ಇನ್‌ಕರೆಕ್ಟ್‌ನಲ್ಲಿ ಒತ್ತು ಕಟ್ಟಕಡೆಗೇ ಬೀಳುತ್ತದೆ. ಆದರೂ ಸುಮ್ನೆ ಬಾಯಿಪಾಠ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಈಗ ಓದುತ್ತಿರುವ ತಮ್ಮ ತಂಗಿಯರಿಗೆ ಒಂದು ಮಾತು. ಒಳ್ಳೆಯ ಡಿಕ್ಷನರಿಯಲ್ಲಿ ಉಚ್ಚಾರಣೆಯ ಜಾಗ ನೋಡಿ. ಒತ್ತು ಬೀಳುವ ಸಿಲಬಲ್‌ಗೆ ಮುಂಚೆ ಮೇಲ್ಗಡೆ ಒಂದು ಪುಟ್ಟ ಗೆರೆ ಇರುತ್ತದೆ. ಕೆಳಗಡೆ ಗೆರೆ ಇದ್ದರೆ ಅದು ಎರಡನೇ ದರ್ಜೆಯ ಒತ್ತು. ಅನ್‌ಕಂಫರ್ಟಬಲ್‌ನಿಂದ ಶುರು ಮಾಡಿ. ಬರಹದಲ್ಲಿ ಐದು ಸಿಲಬಲ್ ಕಾಣುತ್ತದೆ, ಎಷ್ಟೋ ಜನರ ಬಾಯಲ್ಲಿ ನಾಲ್ಕೇ ಕೇಳುತ್ತದೆ.